ಕೇಳದೆ ಬಿಟ್ಟವರ ಓಟು

1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡು ಕಳಿಸಿ, ಅಧ್ಯಕ್ಷರ ಚುನಾವಣೆಯಲ್ಲಿ ನಿಮ್ಮ ಓಟು ಯಾರಿಗೆ ಅಂತ ಕೇಳಿತು. ಇಪ್ಪತ್ತು ಲಕ್ಷಕ್ಕೂ ಮೀರಿ ಉತ್ತರ ಬಂದವು. ಗೆಲ್ಲೋದು ಲ್ಯಾಂಡನ್ ಅಂತ ಪತ್ರಿಕೆ ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು. ಪತ್ರಿಕೆ ಬಹುಪಾಲು ವಿಳಾಸ ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿಯಿಂದ, ಕಾರು ಇಟ್ಟವರ ಪಟ್ಟಿಯಿಂದ. ಅದು ಕೆಲಸ ಕಳಕೊಂಡವರು ಗಂಜಿಗೆ ಸಾಲು ನಿಂತಿದ್ದ ಕಾಲ. ಆ ಸಾಲಿನಲ್ಲಿದ್ದವನ ಮನೆಗೆ ಫೋನು ಎಲ್ಲಿಂದ ಬರಬೇಕು? ಕಾರ್ಡು ತಲುಪಿದವರಲ್ಲೂ ಉತ್ತರ ಬರೆಯುವ ಉಮೇದು ಹೆಚ್ಚಿಗೆ ಇದ್ದದ್ದು ಲ್ಯಾಂಡನ್ ಕಡೆಯವರಿಗೇ.

ಇದನ್ನು ಬರೀ ಲೆಕ್ಕದ ತಪ್ಪು ಅಂತ ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಅರಳಿಕಟ್ಟೆ ಮೇಲೆ ಕೂತವರನ್ನು ಕೇಳಿದರೆ ಊರನ್ನೇ ಕೇಳಿದಂತೆ ಅಂತ ನಂಬಿದವರು ಹಾಕಿದ ಲೆಕ್ಕ ಅದು. ಕೇರಿಯ ದಾರಿ ಅವರಿಗೆ ಹೊಳೆಯಲೇ ಇಲ್ಲ.

ಕೇಳುವ ಮಾತು ಹಾಗಿರಲಿ, ಓಟು ಹಾಕುವ ಮಾತಿಗೆ ಬನ್ನಿ. ಅಲ್ಲಿ ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸಲು ಪಕ್ಷದೊಳಗೇ ನಡೆಯುವ ಚುನಾವಣೆಗೆ ಪ್ರೈಮರಿ ಅನ್ನುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಆಗ ಡೆಮಾಕ್ರಟಿಕ್ ಪಕ್ಷ ಬಿಟ್ಟರೆ ಗತಿಯಿಲ್ಲ. ಪ್ರೈಮರಿ ಗೆದ್ದವನೇ ಗೆದ್ದಂತೆ. ಹಾಗಾಗಿ ಟೆಕ್ಸಾಸ್‌ನಂಥ ಕಡೆ, ಪ್ರೈಮರಿ ಬಿಳಿಯರಿಗೆ ಮಾತ್ರ ಅಂತ ಬೇಲಿ ಹಾಕಿದರು. ಕಪ್ಪು ಜನ ಬೇಕಾದರೆ ನವೆಂಬರಿನಲ್ಲಿ ಬಂದು, ಆಗಲೇ ಗೆದ್ದವನಿಗೆ ಓಟು ಒತ್ತಲಿ! 1944ರಲ್ಲಿ ಸುಪ್ರೀಂ ಕೋರ್ಟು ಆ ಬೇಲಿ ಕಿತ್ತುಹಾಕಿತು. ನಮ್ಮಲ್ಲಿ 1932ರ ಪೂನಾ ಒಪ್ಪಂದದಲ್ಲೂ ಒಂದು ಪ್ರೈಮರಿ ಇತ್ತು, ತಿರುವುಮುರುವಾಗಿ. ದಲಿತರು ಮೊದಲು ನಾಲ್ವರನ್ನು ಆರಿಸಬೇಕು, ಅವರಲ್ಲಿ ಒಬ್ಬನನ್ನು ಊರೆಲ್ಲ ಸೇರಿ ಆರಿಸುತ್ತದೆ. ಅಲ್ಲಿ ಮೊದಲ ಬಾಗಿಲು ಸವರ್ಣೀಯರ ಕೈಲಿ, ಇಲ್ಲಿ ಕೊನೆಯ ಬಾಗಿಲು.

ಇನ್ನು 1948. ಎರಡು ವರ್ಷದ ಹಿಂದೆ, ಯುದ್ಧ ಮುಗಿಸಿ ಮನೆಗೆ ಹೊರಟಿದ್ದ ಕಪ್ಪು ಸೈನಿಕ ಐಸಾಕ್ ವುಡರ್ಡ್‌ನನ್ನು ದಕ್ಷಿಣ ಕೆರೊಲಿನಾದ ಪೊಲೀಸರು ಹೊಡೆದು ಎರಡೂ ಕಣ್ಣು ಕುರುಡು ಮಾಡಿದ್ದರು. ಮೈಮೇಲೆ ಸೇನೆಯ ಸಮವಸ್ತ್ರ ಇನ್ನೂ ಇತ್ತು. ಸೈನ್ಯದಲ್ಲಿ ಬಣ್ಣಭೇದ ಹೋಗದಿದ್ದರೆ ನಮ್ಮ ಹುಡುಗರು ಸೈನ್ಯಕ್ಕೆ ಸೇರೋದಿಲ್ಲ ಅಂತ ಕಾರ್ಮಿಕ ನಾಯಕ ಫಿಲಿಪ್ ರ‍್ಯಾಂಡಾಲ್ಫ್ ಅಧ್ಯಕ್ಷ ಟ್ರೂಮನ್‌ಗೆ ಎಚ್ಚರಿಕೆ ಕೊಟ್ಟರು. ಜುಲೈನಲ್ಲಿ ಡೆಮಾಕ್ರಟರ ಸಮಾವೇಶ ಕಪ್ಪು ಜನರ ನಾಗರಿಕ ಹಕ್ಕಿನ ನಿರ್ಣಯ ಒಪ್ಪಿದ್ದೇ ತಡ, ಮಿಸಿಸಿಪಿಯವರು, ಅಲಬಾಮದ ಅರ್ಧ ಜನ ಎದ್ದು ನಡೆದರು. ಥರ್ಮಂಡ್ ಅನ್ನುವವನನ್ನು ಬೇರೆಯಾಗಿ ನಿಲ್ಲಿಸಿದರು. ಎಡಗಡೆಯಿಂದ ಹೆನ್ರಿ ವ್ಯಾಲೇಸ್ ಆಗಲೇ ಸಿಡಿದು ನಿಂತಿದ್ದ. ಪಕ್ಷ ಮೂರು ಹೋಳು. ಹಾಗಿದ್ದೂ ಟ್ರೂಮನ್ ಜುಲೈ 26ರಂದು ಸೈನ್ಯದ ಬಣ್ಣಭೇದ ತೆಗೆಯುವ ಆಜ್ಞೆಗೆ ಸಹಿ ಹಾಕಿದ.

ಒಡೆದ ಪಕ್ಷ ಮುಗೀತು ಅಂದರು ಪಂಡಿತರು. ಗ್ಯಾಲಪ್, ಕ್ರಾಸ್ಲಿ, ರೋಪರ್, ಸಮೀಕ್ಷೆಯ ಮೂರು ದೊಡ್ಡ ಹೆಸರುಗಳೂ ಎದುರಾಳಿ ಡ್ಯೂಯಿ ಗೆಲ್ತಾನೆ ಅಂದವು. ರೋಪರ್ ಅಂತೂ ಸೆಪ್ಟೆಂಬರಿನಲ್ಲೇ, ಇನ್ನು ಕೇಳೋದೇನಿದೆ ಅಂತ ಕೈಬಿಟ್ಟ. ಇಂಥವರು ಇಷ್ಟು ಜನ ಅಂತ ಕೋಟಾ ಕೊಟ್ಟು, ಯಾರನ್ನು ಕೇಳಬೇಕೆಂಬುದನ್ನು ಕೇಳಲು ಹೋದವರಿಗೇ ಬಿಟ್ಟಿದ್ದರು. ಅವರು ಬಾಗಿಲು ತಟ್ಟಿದ್ದು ತಮಗೆ ಸಲೀಸಾದ ಮನೆಗಳನ್ನು. ಎಣಿಕೆ ಮುಗಿಯುವ ಮೊದಲೇ ‘ಶಿಕಾಗೊ ಟ್ರಿಬ್ಯೂನ್’ ಟ್ರೂಮನ್ ಸೋತ ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿಬಿಟ್ಟಿತು. ಗೆದ್ದ ಟ್ರೂಮನ್ ಅದನ್ನು ಎತ್ತಿ ಹಿಡಿದು ನಗುತ್ತಿರುವ ಫೋಟೋ ಇವತ್ತಿಗೂ ಓಡಾಡುತ್ತಿದೆ.

ಫೋಟೋ ನೋಡಿ ನಕ್ಕು ಸುಮ್ಮನಾಗುವವರು ಲೆಕ್ಕವನ್ನೂ ನೋಡಬೇಕು. ಅಲ್ಲಿ ಒಂದೊಂದು ರಾಜ್ಯಕ್ಕೂ ಇಷ್ಟು ಅಂತ ಅಧ್ಯಕ್ಷರನ್ನು ಆರಿಸುವ ಮತಗಳಿವೆ. ರಾಜ್ಯದಲ್ಲಿ ಮುಂದಿದ್ದವನಿಗೆ ಸಾಮಾನ್ಯವಾಗಿ ಅಷ್ಟೂ ಸಲ್ಲುತ್ತವೆ. ಟ್ರೂಮನ್ ಒಹಾಯೊ ಗೆದ್ದದ್ದು ಸುಮಾರು 7 ಸಾವಿರದಲ್ಲಿ, ಕ್ಯಾಲಿಫೋರ್ನಿಯಾ 18 ಸಾವಿರದಲ್ಲಿ, ಇಲಿನಾಯ್ 34 ಸಾವಿರದಲ್ಲಿ. ಆ ಮೂರು ರಾಜ್ಯದ 78 ಮತ ಆಚೆ ಹೋಗಿದ್ದರೆ ಡ್ಯೂಯಿಗೆ 267, ಅಂದ್ರೆ ಗೆಲುವಿಗೆ ಬೇಕಾದ್ದಕ್ಕಿಂತ ಒಂದು ಹೆಚ್ಚು. ಶಿಕಾಗೊ, ಕ್ಲೀವ್‌ಲ್ಯಾಂಡ್, ಲಾಸ್ ಏಂಜಲೀಸ್ ಕೇರಿಗಳಲ್ಲಿ ಇದ್ದವರು ಯಾರು? ದಕ್ಷಿಣದ ಹತ್ತಿ ಹೊಲ ಬಿಟ್ಟು, ಹೊಟ್ಟೆಪಾಡಿಗೂ ಮಾನಕ್ಕೂ ಗುಳೆ ಬಂದವರು. ಊರಲ್ಲಿ ಇಲ್ಲದ ಓಟು ಅವರಿಗೆ ಇಲ್ಲಿತ್ತು, ಅದರಲ್ಲಿ ಬಹುಪಾಲು ಟ್ರೂಮನ್‌ಗೆ ಬಿತ್ತು. ಎದ್ದು ಹೋದ ಥರ್ಮಂಡ್ ಗೆದ್ದದ್ದು ನಾಲ್ಕು ರಾಜ್ಯ.

ಇಷ್ಟಾದರೂ ‘ಪಕ್ಷ ಒಡೆಯುತ್ತೆ, ಸ್ವಲ್ಪ ತಡೀರಿ’ ಅನ್ನುವ ಮಾತು ನಿಲ್ಲಲಿಲ್ಲ. ನಮಗೂ ಗೊತ್ತಿರುವ ಮಾತೇ ಅದು. 1964ರಲ್ಲಿ ಮಿಸಿಸಿಪಿಯ ಕಪ್ಪು ಜನ, ತಮ್ಮನ್ನು ಹೊರಗಿಟ್ಟ ಪಕ್ಷಕ್ಕೆ ಎದುರಾಗಿ ಫ್ರೀಡಂ ಡೆಮಾಕ್ರಟಿಕ್ ಪಕ್ಷ ಕಟ್ಟಿ ಅಟ್ಲಾಂಟಿಕ್ ಸಿಟಿಯ ಸಮಾವೇಶಕ್ಕೆ ಬಂದರು. ಹತ್ತಿ ಬಿಡಿಸಿ ಬದುಕಿದ ಫ್ಯಾನಿ ಲೂ ಹೇಮರ್, ಓಟಿನ ಕೆಲಸಕ್ಕೆ ಓಡಾಡಿದ್ದಕ್ಕೆ ಜೈಲಿನಲ್ಲಿ ತಿಂದ ಏಟುಗಳನ್ನು ದೇಶಕ್ಕೆಲ್ಲ ಕೇಳುವಂತೆ ಹೇಳಿದರು. ಬಿಳಿಯರು ಎದ್ದುಹೋದಾರೆಂದು ಹೆದರಿದ ಅಧ್ಯಕ್ಷ ಜಾನ್ಸನ್ ಕಡೆಯವರು ಎರಡೇ ಎರಡು ಕುರ್ಚಿ ಕೊಡ್ತೀವಿ ಅಂದರು. ಬೇಡ ಅಂತ ಅವರು ಮುಖಕ್ಕೆ ಹೇಳಿದರು. ನವೆಂಬರಿನಲ್ಲಿ ಜಾನ್ಸನ್ 44 ರಾಜ್ಯ ಗೆದ್ದ. ಅವನು ಅಷ್ಟು ಓಲೈಸಿದ ಮಿಸಿಸಿಪಿಯಲ್ಲಿ, ನೂರಕ್ಕೆ 87 ಓಟು ಬಿದ್ದದ್ದು ಎದುರಾಳಿ ಗೋಲ್ಡ್‌ವಾಟರ್‌ಗೆ.