ಕನ್ನಡದೊಳಗೊಂದು ಪೌಂಡ್ ಗುರುತು

ಹರಪನಹಳ್ಳಿಯವರ ಲೆಟರ್‌ಹೆಡ್ ಅಂದರೆ ಕೊಟ್ಟೂರಿನ ನಮ್ಮ ಡಿಟಿಪಿ ಅಂಗಡಿಗೆ ಮುಗಿಯದ ಕೆಲಸ. 1997ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಊರು ಇದ್ದಲ್ಲೇ ಇದೆ, ವಿಳಾಸ ತಿರುಗಾಡಿದೆ. ಕೊನೇ ಸಲ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯೂ ಸೇರಿದ್ದರಿಂದ ಹಳೇ ಗಿರಾಕಿಗಳೆಲ್ಲ ಒಟ್ಟಿಗೇ ಬಂದರು. "ಒಂದೇ ಪದ ಅಲ್ಲೇನ್ರಿ, ಬದ್ಲಿ ಮಾಡಿ ಕೊಡ್ರಿ."

ಹೊಸ ಕಂಪ್ಯೂಟರಿಗೆ ನಾನಿನ್ನೂ ಹಳೇ ಫಾಂಟ್ ಹಾಕಿರಲಿಲ್ಲ. ಫೈಲು ತೆರೆದರೆ 'ಕನ್ನಡ' ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆಮೇಲೆ ಓರೆಗೀಟು ಹೊತ್ತ ಎ, ಪೌಂಡ್ ಗುರುತು, ಮತ್ತದೇ ಎ, ಜರ್ಮನರದೊಂದು ಎಸ್ಸು, ಸಣ್ಣ ಕ್ಯೂ, ಮತ್ತೆ ಎ. ಆ ಎ ಅಂದರೆ ನಮ್ಮ ತಲೆಕಟ್ಟು. ಪೌಂಡು ನಕಾರದ ಮೈ, ಎಸ್ಸು ಅದರ ಒತ್ತು. ತೇರಿನ ಕರಪತ್ರ, ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ಲು, ಇಷ್ಟು ವರ್ಷ ಕುಟ್ಟಿದ್ದೆಲ್ಲ ಒಳಗೆ ಹೀಗೇ ಇತ್ತು. ಫಾಂಟು ಬರೀ ಮೇಲಂಗಿ.

ಹಾಗಂತ ದೂರಲಾರೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬರದಿದ್ದರೆ ನನಗೆ ಅಂಗಡಿಯೇ ಇರುತ್ತಿರಲಿಲ್ಲ. ಯುನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿತ್ತು, ಪೇಜ್‌ಮೇಕರಿಗೆ ಅದು ತಿಳಿಯುತ್ತಿರಲಿಲ್ಲ.

ಕೈಹಿಡಿದದ್ದು ಹಳೇ ಫಾಂಟಿನ ಅಕ್ಷರಗಳನ್ನು ಯುನಿಕೋಡಿಗೆ ತಿರುಗಿಸಲು ಅರವಿಂದ ವಿ.ಕೆ. ಬರೆದ ಪರಿವರ್ತಕ. ಗುಬ್ಬಿ, ನವಿಲು ಫಾಂಟು ಮಾಡಿದವರೂ ಅವರೇ. ಪೈಥಾನಿನಲ್ಲಿ ಬರೆದ ಅದರ ಕೋಡು ಗಿಟ್‌ಹಬ್ಬಿನಲ್ಲಿ ಯಾರು ಬೇಕಾದರೂ ಓದುವ ಹಾಗೆ ಬಿದ್ದಿದೆ. ನನಗೆ ಪ್ರೋಗ್ರಾಮಿಂಗ್ ಬಾರದು. ಆದರೂ ಒಂದು ರಾತ್ರಿ ಕೂತು ಓದಿದೆ. ಬಹುಪಾಲು ಬರೀ ಪಟ್ಟಿ: ಎಡಕ್ಕೆ ಹಳೇ ಗುರುತು, ಬಲಕ್ಕೆ ಅಕ್ಷರ, ಥೇಟ್ ಅಚ್ಚುಮೊಳೆಯ ಖಾನೆಗಳ ಹಾಗೆ. ಮುಂದೆ 'ಅರ್ಕಾವತ್ತು' ಅನ್ನೋ ಹೆಸರೇ ಇಂಗ್ಲಿಷ್ ಲಿಪಿಯಲ್ಲಿ ಸಿಕ್ಕಿ ನಗು ಬಂತು. 'ಕರ್ನಾಟಕ'ದಲ್ಲಿ ಹಳೇ ಫಾಂಟು ಕಣ್ಣಿಗೆ ಕಂಡಂತೆ 'ನಾ' ಇಟ್ಟು ಆಮೇಲೆ ಅರ್ಕಾವತ್ತು ಇಡುತ್ತದೆ. ಯುನಿಕೋಡಿಗೆ ಬಾಯಲ್ಲಿ ಬಂದಂತೆ ರಕಾರವೇ ಮೊದಲು. ಆ ಹಿಂದುಮುಂದನ್ನು ಸರಿಮಾಡುವ ಸಾಲುಗಳವು. ಹಿಂದಿನ ತಂತ್ರಾಂಶಗಳ ಹೊಟ್ಟೆಯೊಳಗೆ ಹೀಗೆ ಇಣುಕಲು ನನಗೆಲ್ಲಿ ಸಿಕ್ಕಿತ್ತು?

ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಹಟಕ್ಕೆ ಬಿದ್ದದ್ದು ಈ ಇಣುಕುವ ಹಕ್ಕಿಗೇ. 1997ರಲ್ಲಿ ಎರಿಕ್ ರೇಮಂಡ್, ಹಲವರು ಕೈಹಾಕಿ ಲಿನಕ್ಸ್ ಬೆಳೆದ ಬಗೆಯನ್ನು ಸಂತೆಗೂ, ಕೆಲವರೇ ಕೂತು ಕಟ್ಟುವುದನ್ನು ದೊಡ್ಡ ಇಗರ್ಜಿಗೂ ಹೋಲಿಸಿದರು. ಕೊಟ್ಟೂರಿನವನಿಗೆ ಈ ಭೇದ ಅಷ್ಟು ಒಗ್ಗದು. ಇಲ್ಲಿ ತೇರಿನ ದಿನ ಗುಡಿ ಯಾವುದು, ಸಂತೆ ಯಾವುದು ಅಂತ ಬೇರೆ ಮಾಡಿ ತೋರಿಸಿ ನೋಡೋಣ.

ಫೈಲುಗಳೆಲ್ಲ ಯುನಿಕೋಡಿಗೆ ಬಂದವು. 'ಬಳ್ಳಾರಿ' ಹುಡುಕಿಸಿ, 'ವಿಜಯನಗರ' ಹಾಕಿಸಿ, ಒಂದೇ ಏಟಿಗೆ ಮುಗಿಸಿದೆ. ಮೂರು ದಿನದ ಮೇಲೆ ಒಬ್ಬರು ಕೆರೆ ಹೂಳಿನ ಕರಪತ್ರ ಹಿಡಿದು ವಾಪಸ್ ಬಂದರು. ಕೆರೆಯಂಗಳದಲ್ಲಿ ಬೆಳೆದ ವಿಜಯನಗರ ಜಾಲಿಯನ್ನು ಕಡಿಸಬೇಕೆಂದು ಅದರಲ್ಲಿ ಅಚ್ಚಾಗಿತ್ತು.