ವಿಷ ಉಗುಳುವ ನಾಗರ: ಆಫ್ರಿಕಾದ್ದು ಬೇರೆ, ಊರಿನದ್ದು ಬೇರೆ

ಮಂಜೇಶ್ವರ ತಾಲೂಕಿನ ವರ್ಕಾಡಿಯಂತಹ ಗಡಿ ಗ್ರಾಮಗಳಿಗೆ ನಾಗರಹಾವು ಹೊಸತಲ್ಲ. ತುಳುವರ ಸರ್ಪ, ಮಲಯಾಳದ ಮೂರ್ಖನ್ ಇದೇ. ನಾಗಬನದಲ್ಲಿ ಪೂಜೆ ಪಡೆಯುವ ಈ ಹಾವು ಅಡಿಕೆ ತೋಟದಲ್ಲಿ ಇಲಿ ಹಿಡಿಯುತ್ತದೆ. ಆಫ್ರಿಕಾದ ನಾಗರ ದೂರದಿಂದಲೇ ಕಣ್ಣಿಗೆ ವಿಷ ಉಗುಳುವುದನ್ನು ಟಿ.ವಿ.ಯಲ್ಲಿ ಕಂಡವರಿಗೆ ಊರಿನ ಹಾವೂ ಹಾಗೆ ಮಾಡೀತೇ ಎಂಬ ಸಂಶಯ ಸಹಜ. ಎರಡೂ 'ನಾಜ' ಎಂಬ ಒಂದೇ ಕುಲಕ್ಕೆ ಸೇರಿದವು. ಆದರೆ ಅಪಾಯದ ಬಗೆ ಬೇರೆ.

ಆಫ್ರಿಕಾದ ಹಾವು

ಮೊಜಾಂಬಿಕ್ ನಾಗರ, ಕಪ್ಪು ಕತ್ತಿನ ನಾಗರ, ಕೆಂಪು ನಾಗರ ಮೊದಲಾದವು ಉಗುಳುವ ಜಾತಿಗಳು. ಪೂರ್ವ ಆಫ್ರಿಕಾದ ಭಾರೀ ಗಾತ್ರದ 'ನಾಜ ಆಶೈ'ಯನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿದ್ದು 2007ರಲ್ಲಿ. ಕಪ್ಪೆ, ಇಲಿ, ಹಲ್ಲಿ, ಇತರ ಹಾವುಗಳು ಇವುಗಳ ಆಹಾರ. ಆದರೆ ಬೇಟೆಗೆ ಉಗುಳುವುದಿಲ್ಲ, ಕಚ್ಚಿಯೇ ಹಿಡಿಯುತ್ತವೆ. ಉಗುಳುವುದು ಆತ್ಮರಕ್ಷಣೆಗೆ ಮಾತ್ರ.

ಇವುಗಳ ವಿಷದ ಹಲ್ಲಿನ ರಂಧ್ರ ಚಿಕ್ಕದು, ಮುಂದಕ್ಕೆ ಮುಖ ಮಾಡಿರುತ್ತದೆ. ಸ್ನಾಯು ಗ್ರಂಥಿಯನ್ನು ಒತ್ತಿದಾಗ ವಿಷ ಎರಡು ಮೀಟರಿಗೂ ಹೆಚ್ಚು ದೂರ ಚಿಮ್ಮುತ್ತದೆ. ಆಗ ಹಾವು ತಲೆಯನ್ನು ವೇಗವಾಗಿ ಅಲುಗಿಸುವುದರಿಂದ ವಿಷ ಎದುರಿನವರ ಮುಖದಗಲಕ್ಕೆ ಹರಡಿ ಕಣ್ಣಿಗೆ ಬೀಳುತ್ತದೆ. ವಿಪರೀತ ಉರಿ, ನೀರು ಸುರಿಯುವುದು ಲಕ್ಷಣ. ಚಿಕಿತ್ಸೆ ತಡವಾದರೆ ದೃಷ್ಟಿ ಹೋಗಬಹುದು. ಈ ಹಾವುಗಳು ಕಚ್ಚುವುದೂ ಉಂಟು.

ಊರಿನ ನಾಗರ

ಹೆಡೆಯಲ್ಲಿ ಕನ್ನಡಕದ ಗುರುತಿರುವ ಊರಿನ ನಾಗರ ಉಗುಳುವ ಜಾತಿಯಲ್ಲ. ಹೆಡೆ ಬಿಚ್ಚಿ ಬುಸುಗುಟ್ಟುವುದು ಅದರ ಎಚ್ಚರಿಕೆ. ಅದಕ್ಕೆ ಕಿವಿಗೊಡದೆ ಹತ್ತಿರ ಹೋದರೆ ಕಚ್ಚುತ್ತದೆ. ಇಲ್ಲಿ ಕಾಪಾಡಿಕೊಳ್ಳಬೇಕಾದದ್ದು ಕಣ್ಣಿಗಿಂತ ಮೊದಲು ಕೈಕಾಲು. ಸೋಗೆ, ಕಟ್ಟಿಗೆ, ತೆಂಗಿನ ಸಿಪ್ಪೆಯ ರಾಶಿಗೆ ನೋಡದೆ ಕೈ ಹಾಕಬಾರದು. ರಾತ್ರಿ ಹಟ್ಟಿಗೆ ಹೋಗುವಾಗ ಟಾರ್ಚು ಬೇಕು.

ನಾಗರನ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು, ನುಂಗಲಾಗದಿರುವುದು ಮುನ್ಸೂಚನೆ. ಕೊನೆಗೆ ಉಸಿರಾಟ ನಿಲ್ಲುತ್ತದೆ. ಕಚ್ಚಿದ ಜಾಗ ಊದಿ ಮಾಂಸ ಕೊಳೆಯುವುದೂ ಇದೆ.

ಮಾಡಬೇಕಾದದ್ದು

ಹೊರದೇಶದಲ್ಲಿ ದುಡಿಯುವವರ ಕಣ್ಣಿಗೆ ಇಂತಹ ವಿಷ ಬಿದ್ದರೆ ಉಜ್ಜದೆ ಶುದ್ಧ ನೀರಿನಿಂದ 15-20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಊರಿನಲ್ಲಿ ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಾಯಿಯಿಂದ ಹೀರುವುದು, ಹಗ್ಗ ಬಿಗಿಯುವುದು ಸಲ್ಲದು. ಉಂಗುರ, ಬಳೆ ತೆಗೆದು, ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, ನಡೆಯಲು ಬಿಡದೆ ಸಾಗಿಸಬೇಕು. ಭಾರತದಲ್ಲಿ ಸಾಮಾನ್ಯವಾಗಿ ಬಳಸುವ ಪ್ರತಿವಿಷ ನಾಗರ, ಕಡಂಬಳ, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಹೀಗಾಗಿ ಹಾವನ್ನು ಕೊಂದು ಕೊಂಡೊಯ್ಯುವ ಅಗತ್ಯವಿಲ್ಲ, ಅದನ್ನು ಹುಡುಕುತ್ತ ಹೊತ್ತು ಕಳೆಯಲೂಬಾರದು.

2000ರಿಂದ 2019ರ ಅವಧಿಯಲ್ಲಿ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತರೆಂದು ಅಂದಾಜಿದೆ. ಬಹುಪಾಲು ಸಾವು ಹಳ್ಳಿಗಳಲ್ಲಿಯೇ. ಗಡಿ ಊರಿನವರಿಗೆ ಮಂಗಳೂರಿನ ದಾರಿಯೂ ಇದೆ, ಕಾಸರಗೋಡಿನ ದಾರಿಯೂ ಇದೆ. ಯಾವ ರಾಜ್ಯದ್ದೆಂದು ನೋಡುವುದಕ್ಕಿಂತ, ಪ್ರತಿವಿಷ ಮತ್ತು ಕೃತಕ ಉಸಿರಾಟದ ಸೌಲಭ್ಯ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ತಿಳಿದಿಟ್ಟುಕೊಳ್ಳುವುದು ಮುಖ್ಯ.