ಕೈಗನ್ನಡಿಯೂ ಗೋಡೆಗನ್ನಡಿಯೂ

೧

ಕನ್ನಡ ನುಡಿಯಲ್ಲಿ ಕನ್ನಡಿಯನ್ನು ‘ಹಿಡಿಯುವುದು’ ವಾಡಿಕೆ. ಒಂದು ಕಾವ್ಯವು ತನ್ನ ಕಾಲಕ್ಕೆ ಹಿಡಿದ ಕನ್ನಡಿಯೆಂದೂ, ಒಂದು ಕಾದಂಬರಿಯು ಸಮಾಜದ ಕೈಗನ್ನಡಿಯೆಂದೂ ನಮ್ಮ ವಿಮರ್ಶಕರು ಬರೆಯುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಗಾದೆಯು ಕೇಳುತ್ತದೆ. ಗೋಡೆಗೆ ತೂಗುಹಾಕಿದ ಕನ್ನಡಿಯಿಂದ ಹುಟ್ಟಿ, ಇಷ್ಟರಮಟ್ಟಿಗೆ ಬಳಕೆಯಾದ ನುಡಿಗಟ್ಟನ್ನು ಹುಡುಕಹೊರಟರೆ ಸುಲಭವಾಗಿ ದೊರೆಯುವುದಿಲ್ಲ. ಆದರೆ ಈಗ ನಮ್ಮ ಮನೆಗಳಲ್ಲಿ ನಾವು ಮುಖ ನೋಡಿಕೊಳ್ಳುವುದು ಬಹುಮಟ್ಟಿಗೆ ಗೋಡೆಯ ಕನ್ನಡಿಯಲ್ಲಿಯೇ. ಮಾತು ಒಂದು ಕಾಲದ್ದು, ವಸ್ತು ಮತ್ತೊಂದು ಕಾಲದ್ದು ಎಂಬುದು ಇದರಿಂದ ತಿಳಿಯುತ್ತದೆ.

ಕನ್ನಡಿಯು ಕೈಯನ್ನು ಬಿಟ್ಟು ಗೋಡೆಗೆ ಏರಿದುದರಿಂದ ಏನೇನು ಬದಲಾಯಿತು, ಚೌಕಟ್ಟಿಗೆ ಪ್ರಾಧಾನ್ಯವು ಹೇಗೆ ಬಂದಿತು, ಪ್ಲಾಸ್ಟಿಕ್ ಎಂಬ ಹೊಸ ದ್ರವ್ಯವು ಈ ಕಥೆಯಲ್ಲಿ ಯಾವ ಸ್ಥಾನವನ್ನು ಪಡೆಯಿತು ಎಂಬುದನ್ನು ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಗೃಹಜೀವನವನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ.

೨

ಮೊದಲು ಶಬ್ದವಿಚಾರ. ತಮಿಳಿನಲ್ಲಿ ‘ಕಣ್ಣಾಡಿ’ ಎಂಬ ಒಂದೇ ಮಾತು ಗಾಜು, ಕನ್ನಡಿ, ಕನ್ನಡಕ ಈ ಮೂರಕ್ಕೂ ಸಲ್ಲುತ್ತದೆ. ಕನ್ನಡವಾದರೋ ಈ ಮೂರನ್ನೂ ಬೇರೆ ಬೇರೆ ಹೆಸರುಗಳಿಂದ ಕರೆಯುತ್ತದೆ. ನಮ್ಮಲ್ಲಿ ಕನ್ನಡಿಯೆಂದರೆ ಪ್ರತಿಬಿಂಬವನ್ನು ತೋರತಕ್ಕ ವಸ್ತು. ಅದು ಯಾವ ದ್ರವ್ಯದಿಂದ ಆದುದೆಂಬುದು ಆ ಮಾತಿನಲ್ಲಿ ಅಡಗಿಲ್ಲ. ಗಾಜಿನ ಕನ್ನಡಿಯು ಬರುವುದಕ್ಕೆ ಬಹುಕಾಲ ಮೊದಲೇ ಲೋಹದ ಕನ್ನಡಿಗೆ ಈ ಹೆಸರು ಸಲ್ಲುತ್ತಿದ್ದುದರಿಂದ ಇದು ಸಹಜವೇ ಆಗಿದೆ. ಸಂಸ್ಕೃತದ ‘ಆದರ್ಶ’ ಶಬ್ದಕ್ಕೂ ಕನ್ನಡಿಯೆಂದೇ ಅರ್ಥ. ಅನುಸರಿಸತಕ್ಕ ಮೇಲ್ಪಂಕ್ತಿಯೆಂಬ ಅರ್ಥದಲ್ಲಿ ಮಾತ್ರ ನಾವು ಇಂದು ಅದನ್ನು ಬಳಸುತ್ತೇವೆ. ೧೩ನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣಕ್ಕೆ ‘ಶಬ್ದಮಣಿದರ್ಪಣ’ವೆಂದು ಹೆಸರಿಟ್ಟಾಗ ಅವನ ಮುಂದಿದ್ದುದು ಗೋಡೆಯ ಗಾಜಲ್ಲ ಎಂಬುದನ್ನು ಪಾಠಹೇಳುವಾಗ ನೆನಪಿಡುವುದು ಒಳ್ಳೆಯದು.

ತಾಮ್ರ ಮತ್ತು ತವರಗಳ ಮಿಶ್ರಲೋಹವನ್ನು ಎರಕಹೊಯ್ದು, ತೇದು, ಬೆಳಗಿದರೆ ಇಂತಹ ಕನ್ನಡಿಯಾಗುತ್ತದೆ. ಕೇರಳದ ಆರನ್ಮುಳದಲ್ಲಿ ಈ ವಿದ್ಯೆಯು ಇಂದಿಗೂ ಜೀವಂತವಾಗಿದೆ. ಗಾಜಿನ ಕನ್ನಡಿಗೆ ಬೆರಳ ತುದಿಯನ್ನು ಮುಟ್ಟಿಸಿದರೆ ಬೆರಳಿಗೂ ಅದರ ಬಿಂಬಕ್ಕೂ ನಡುವೆ ಸ್ವಲ್ಪ ಎಡೆ ಕಾಣುತ್ತದೆ; ಏಕೆಂದರೆ ಬಿಂಬವನ್ನು ಕೊಡುವ ಲೇಪವು ಗಾಜಿನ ಹಿಂಬದಿಯಲ್ಲಿದೆ. ಲೋಹದ ಕನ್ನಡಿಯಲ್ಲಿ ಬೆರಳೂ ಬಿಂಬವೂ ಒಂದನ್ನೊಂದು ಮುಟ್ಟುತ್ತವೆ. ಅದರ ಬೆಲೆಯೆಲ್ಲ ಅದರ ಮುಖದ ನಯದಲ್ಲಿಯೇ ಇತ್ತು. ಹಿಡಿಕೆಯೂ ಅಂಚೂ ಆ ಮುಖಕ್ಕೆ ಪರಿವಾರ ಮಾತ್ರ. ವಿಷ್ಣುವರ್ಧನನು ಕ್ರಿ. ಶ. ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲಿ ದರ್ಪಣಸುಂದರಿಯೆಂದು ಪ್ರಸಿದ್ಧಳಾದವಳು ಕೈಯಲ್ಲಿ ಹಿಡಿದಿರುವುದು ಇಂತಹ ದುಂಡು ಕನ್ನಡಿಯನ್ನೇ.

ಕನ್ನಡಿಯನ್ನು ಹಿಡಿಯುವುದು ಒಂದು ಕೆಲಸವಾಗಿತ್ತು. ೧೨ನೆಯ ಶತಮಾನದ ಶರಣರಲ್ಲಿ ಕನ್ನಡಿ ಕಾಯಕದ ಅಮ್ಮಿದೇವಯ್ಯ, ಕನ್ನಡಿ ಕಾಯಕದ ರೇಮಮ್ಮ ಎಂಬ ಹೆಸರುಗಳನ್ನು ಕಾಣುತ್ತೇವೆ. ಅಮ್ಮಿದೇವಯ್ಯನದು ಕ್ಷೌರದ ಕಾಯಕ. ಕನ್ನಡಿಯನ್ನು ಎದುರಿಗೆ ಹಿಡಿದು ತೋರಿಸುವುದು ಅದರ ಅಂಗ. ದೇವತಾರ್ಚನೆಯಲ್ಲಿ ಛತ್ರ ಚಾಮರಗಳೊಡನೆ ದೇವರಿಗೆ ದರ್ಪಣವನ್ನು ತೋರಿಸುವುದುಂಟು. ಮದುವೆಯಲ್ಲಿ ಕಳಶ ಕನ್ನಡಿ ಹಿಡಿದು ಎದುರುಗೊಳ್ಳುವುದುಂಟು. ಜೈನರ ಅಷ್ಟಮಂಗಲಗಳಲ್ಲಿಯೂ ದರ್ಪಣವು ಸೇರಿದೆ. ಈ ಎಲ್ಲ ಸಂದರ್ಭಗಳಲ್ಲಿಯೂ ಕನ್ನಡಿಯನ್ನು ಹಿಡಿದವರೊಬ್ಬರು, ಯಾರ ಸಲುವಾಗಿ ಹಿಡಿದರೋ ಅವರೊಬ್ಬರು ಎಂಬ ಇಬ್ಬರು ಇರಲೇಬೇಕು.

ಇದರೊಡನೆ ಅಧಿಕಾರದ ಮಾತೂ ಬರುತ್ತದೆ. ಗುರುಕುಲವಾಸವನ್ನು ಮುಗಿಸಿದವನು ಸಮಾವರ್ತನದಲ್ಲಿ ಕನ್ನಡಿಯನ್ನು ನೋಡಿಕೊಳ್ಳಬೇಕೆಂದು ಗೃಹ್ಯಸೂತ್ರಗಳಲ್ಲಿ ವಿಧಿಯಿದೆ. ಬ್ರಹ್ಮಚರ್ಯದ ಅಲಂಕಾರವರ್ಜನವು ಅಲ್ಲಿಗೆ ಮುಗಿಯಿತೆಂದು ಇದರ ತಾತ್ಪರ್ಯ. ಹೆಂಗಸರ ಕನ್ನಡಿಯು ಕುಂಕುಮದ ಪೆಟ್ಟಿಗೆಯ ಮುಚ್ಚಳದ ಒಳಗಿತ್ತು. ಹಣೆಗೆ ಮೇಣವನ್ನು ಸವರಿ ಅದರ ಮೇಲೆ ಕುಂಕುಮವನ್ನು ಇಟ್ಟುಕೊಳ್ಳುವಾಗ ಮುಚ್ಚಳವು ತೆರೆಯುತ್ತಿತ್ತು, ಬಳಿಕ ಮುಚ್ಚುತ್ತಿತ್ತು. ಗಂಡನನ್ನು ಕಳೆದುಕೊಂಡವಳಿಗೆ ಕುಂಕುಮವನ್ನು ನಿಷೇಧಿಸಿದ ಸಮಾಜವು ಆ ಪೆಟ್ಟಿಗೆಯನ್ನೂ ಅವಳ ಕೈಯಿಂದ ತೆಗೆಯಿತು. ಹೀಗೆ ಕೈಗನ್ನಡಿಯ ಕಾಲದಲ್ಲಿ ತನ್ನ ಮುಖವನ್ನು ತಾನು ನೋಡಿಕೊಳ್ಳುವುದು ಎಲ್ಲರಿಗೂ ಎಲ್ಲ ವೇಳೆಯಲ್ಲಿಯೂ ದೊರೆಯತಕ್ಕ ಸೌಕರ್ಯವಾಗಿರಲಿಲ್ಲ.

೩

ಗೋಡೆಗನ್ನಡಿಯ ಚರಿತ್ರೆಯು ಇಟಲಿಯಲ್ಲಿ ಆರಂಭವಾಗುತ್ತದೆ. ವೆನಿಸ್ ಗಣರಾಜ್ಯವು ೧೨೯೧ರಲ್ಲಿ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಿಸಿತು. ೧೬ನೆಯ ಶತಮಾನದಲ್ಲಿ ಅಲ್ಲಿಯ ಕುಶಲಿಗಳು ನಿರ್ಮಲವಾದ ಗಾಜಿನ ಹಿಂಬದಿಗೆ ತವರ ಮತ್ತು ಪಾದರಸಗಳ ಲೇಪವನ್ನು ಕೊಟ್ಟು ಮಾಡಿದ ಕನ್ನಡಿಗಳು ಯೂರೋಪಿನ ರಾಜಗೃಹಗಳನ್ನೆಲ್ಲ ವಶಮಾಡಿಕೊಂಡವು. ಈ ಏಕಸ್ವಾಮ್ಯವನ್ನು ಮುರಿಯುವ ಸಲುವಾಗಿ ಫ್ರಾನ್ಸಿನ ಮಂತ್ರಿ ಕೊಲ್ಬೆರನು ೧೬೬೫ರಲ್ಲಿ ಕನ್ನಡಿಯ ಕಾರ್ಖಾನೆಯನ್ನು ಸ್ಥಾಪಿಸಿದನು. ಅನಂತರ ಸಿದ್ಧವಾದ ವರ್ಸೇಯ ಅರಮನೆಯ ಕನ್ನಡಿಶಾಲೆಯಲ್ಲಿ ೩೫೭ ಕನ್ನಡಿಗಳಿವೆ. ಆಗ ಕನ್ನಡಿಯು ಕೈಯ ಉಪಕರಣವಾಗಿದ್ದುದು ಕಟ್ಟಡದ ಅಂಗವಾಯಿತು. ೧೮೩೫ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗನು ಗಾಜಿನ ಮೇಲೆ ಬೆಳ್ಳಿಯ ತೆಳುವಾದ ಪೊರೆಯನ್ನು ಕೂರಿಸುವ ವಿಧಾನವನ್ನು ಕಂಡುಹಿಡಿದನು. ಇದು ಬಳಕೆಗೆ ಬಂದಮೇಲೆ ವಿಷಕರವಾದ ಪಾದರಸದ ಕೆಲಸವು ಕ್ರಮೇಣ ತಪ್ಪಿತು. ಕನ್ನಡಿಯ ಬೆಲೆಯೂ ಇಳಿಯಿತು.

ಬೆಂಗಳೂರಿನಲ್ಲಿ ಚಾಮರಾಜಪೇಟೆಯು ೧೮೯೨ರಲ್ಲಿ ಏರ್ಪಟ್ಟಿತು. ೧೮೯೮ರ ಪ್ಲೇಗು ಮಾರಿಯ ತರುವಾಯ ಹಳೆಯ ಪೇಟೆಯ ಇಕ್ಕಟ್ಟನ್ನು ಬಿಟ್ಟ ಅನೇಕ ಕುಟುಂಬಗಳು ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲಸಿದುವು. ಈ ಹೊಸ ಬಡಾವಣೆಗಳ ಮುಖ್ಯ ಉದ್ದೇಶವು ಗಾಳಿ ಬೆಳಕುಗಳು. ದೊಡ್ಡ ಕಿಟಕಿಗಳೂ ಸುಣ್ಣ ಬಳಿದ ಅಗಲವಾದ ಗೋಡೆಗಳೂ ಉಳ್ಳ ನಡುಮನೆಯಲ್ಲಿ ದೇವರ ಪಟಗಳ ಸಾಲಿನೊಡನೆ ಕನ್ನಡಿಗೂ ಒಂದು ಮೊಳೆ ದೊರೆಯಿತು. ತೇಗದ ಇಲ್ಲವೆ ಬೀಟೆಯ ಚೌಕಟ್ಟು, ಅಂಚಿನಲ್ಲಿ ಇಳಿಜಾರಾಗಿ ಕೊರೆದ ದಪ್ಪ ಗಾಜು, ಮುಂದಕ್ಕೆ ಸ್ವಲ್ಪ ಬಾಗುವಂತೆ ಹಿಂದಿನಿಂದ ಕಟ್ಟಿದ ಹುರಿ: ಇದು ಅದರ ಸಾಮಾನ್ಯ ಸ್ವರೂಪ. ಜನರು ಅದನ್ನು ಬೆಲ್ಜಿಯಂ ಕನ್ನಡಿಯೆಂದು ಕರೆದರು. ೧೯೦೫ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪವು ಬಂದಮೇಲೆ ಕನ್ನಡಿಗೆ ಸಾಯಂಕಾಲದ ಉಪಯೋಗವೂ ಒದಗಿತು. ಅತ್ತ ಮೈಸೂರು ಅರಮನೆಯಲ್ಲಿ ಕನ್ನಡಿ ತೊಟ್ಟಿಯೆಂದು ಹೆಸರಾದ ಅಂಗಳವೇ ಉಂಟು. ಅರಸರ ಕಟ್ಟಡಕ್ಕೆ ಸಂದ ಮಾತು ಗೃಹಸ್ಥರ ನಡುಮನೆಗೂ ತನ್ನ ಅಳತೆಯಲ್ಲಿ ಸಂದಿತೆನ್ನಬಹುದು.

ಗೋಡೆಯ ಕನ್ನಡಿಯನ್ನು ಯಾರೂ ಹಿಡಿಯಬೇಕಾಗಿಲ್ಲ. ಅದು ಯಾರನ್ನೂ ಕೇಳಿ ಮುಖವನ್ನು ತೋರಿಸುವುದಿಲ್ಲ. ಶಾಲೆಗೆ ಹೊರಟ ಹುಡುಗನೂ, ನೆಲವನ್ನು ಸಾರಿಸುವ ಕೆಲಸದವಳೂ, ಮಡಿಯುಟ್ಟು ಅಡಿಗೆಮನೆಗೆ ನಡೆಯುವ ವಿಧವೆಯಾದ ಅತ್ತೆಯೂ ಅದರ ಮುಂದೆ ಹಾದುಹೋಗಲೇಬೇಕು; ಹಾದುಹೋದವರ ಮುಖವು ಅದರಲ್ಲಿ ಮೂಡಲೇಬೇಕು. ಪೆಟ್ಟಿಗೆಯ ಕನ್ನಡಿಗೆ ಇದ್ದ ಮುಚ್ಚಳವು ಗೋಡೆಯ ಕನ್ನಡಿಗೆ ಇರಲಿಲ್ಲ. ಸಮಾಜಸುಧಾರಣೆಯ ಚರಿತ್ರೆಯಲ್ಲಿ ಶಾಸನಗಳನ್ನೂ ಸಭೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ನಾವು ಈ ಮೂಕವಾದ ಬದಲಾವಣೆಯನ್ನೂ ಗಮನಿಸಬೇಕೆಂದು ನಮ್ಮ ಅಭಿಪ್ರಾಯ.

೪

ಗಾಜಿನ ಮುಖವು ಎಲ್ಲ ಕನ್ನಡಿಗಳಲ್ಲಿಯೂ ಒಂದೇ ಬಗೆಯಾಗಿ, ಅಗ್ಗವೂ ಆದಮೇಲೆ ಒಂದು ಕನ್ನಡಿಗೂ ಇನ್ನೊಂದಕ್ಕೂ ಭೇದವನ್ನು ತೋರತಕ್ಕದ್ದು ಚೌಕಟ್ಟು ಮಾತ್ರವೇ ಆಯಿತು. ಪ್ಲಾಸ್ಟಿಕ್ಕಿನ ಪ್ರವೇಶವು ಈ ದಾರಿಯಿಂದಲೇ.

ಪ್ಲಾಸ್ಟಿಕ್ ಎಂಬ ಗ್ರೀಕ್ ಮೂಲದ ಮಾತಿಗೆ ಅಚ್ಚಿಗೆ ಒಗ್ಗತಕ್ಕದ್ದು ಎಂದು ಅರ್ಥ. ಕಾಯಿಸಿದರೆ ಮೆದುವಾಗಿ ಆರಿದರೆ ಗಟ್ಟಿಯಾಗುವ ಇಂತಹ ದ್ರವ್ಯವು ನಮಗೆ ಹೊಸದಲ್ಲ. ಪಾಂಡವರ ಕಥೆಯ ಅರಗಿನ ಮನೆಯಿಂದ ಎಲ್ಲರಿಗೂ ಪರಿಚಿತವಾದ ಅರಗು ಅಂತಹುದೇ. ಅದು ಕೀಟಗಳು ಮರದ ಕೊಂಬೆಗಳ ಮೇಲೆ ಸ್ರವಿಸುವ ಅಂಟು. ಬೆಂಗಳೂರಿಗೆ ಸುಮಾರು ೬೦ ಕಿಲೋಮೀಟರು ದೂರದ ಚನ್ನಪಟ್ಟಣದಲ್ಲಿ ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ಕಡಚಲು ಯಂತ್ರದಲ್ಲಿ ತಿರುಗುವ ಮರಕ್ಕೆ ಒತ್ತಿಹಿಡಿಯುತ್ತಾರೆ. ತಿಕ್ಕಾಟದ ಕಾವಿನಿಂದಲೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಎಲೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕೆಯವರು ಅರಗಿಗೆ ಮರದ ಪುಡಿಯನ್ನು ಕೂಡಿಸಿ, ಅಚ್ಚಿನಲ್ಲಿ ಒತ್ತಿ, ಕೈಗನ್ನಡಿಗಳ ಚೌಕಟ್ಟುಗಳನ್ನು ಮಾಡಿದರು. ಗ್ರಾಮಫೋನಿನ ಹಳೆಯ ತಟ್ಟೆಗಳೂ ಅರಗಿನಿಂದಲೇ ಆದುವು. ಆದುದರಿಂದ ಕನ್ನಡಿಯ ಮೊದಮೊದಲ ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ ಅರಗಿನವೂ ಸೇರಿವೆಯೆಂದು ಹೇಳುವುದರಲ್ಲಿ ತಪ್ಪಿಲ್ಲ. ೧೯೦೭ರಲ್ಲಿ ಬೇಕ್‌ಲೆಂಡನು ನಿರ್ಮಿಸಿದ ಬೇಕಲೈಟು ಅರಗಿಗೆ ಪ್ರತಿಯಾದ ದ್ರವ್ಯವನ್ನು ಹುಡುಕುವ ಪ್ರಯತ್ನದಿಂದಲೇ ಹುಟ್ಟಿತು.

ಎರಡನೆಯ ಮಹಾಯುದ್ಧದ ತರುವಾಯ ಈ ವಿದ್ಯೆಯ ಮುಂದಾಳುತನವು ಪುನಃ ಇಟಲಿಗೆ ಬಂದಿತು. ರಸಾಯನವನ್ನು ಅಭ್ಯಾಸಮಾಡಿದ ಜೂಲಿಯೊ ಕಾಸ್ತೆಲ್ಲಿಯು ೧೯೪೯ರಲ್ಲಿ ಮಿಲಾನಿನಲ್ಲಿ ಕಾರ್ಟೆಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಕೆಲವು ವರ್ಷಗಳಲ್ಲಿ ಪ್ಲಾಸ್ಟಿಕ್ಕಿನ ಗೃಹೋಪಕರಣಗಳನ್ನು ಹೊರತಂದನು. ಅದೇ ನಗರದಲ್ಲಿ ಜೂಲಿಯೊ ನಾತ್ತಾನು ೧೯೫೪ರಲ್ಲಿ ಪಾಲಿಪ್ರೊಪಿಲೀನನ್ನು ತಯಾರಿಸಿದನು. ಈ ಕ್ಷೇತ್ರದ ಕೆಲಸಕ್ಕಾಗಿ ೧೯೬೩ರಲ್ಲಿ ಅವನಿಗೂ ಜರ್ಮನಿಯ ಕಾರ್ಲ್ ಸೀಗ್ಲರನಿಗೂ ನೊಬೆಲ್ ಪಾರಿತೋಷಕವು ಸಂದಿತು. ಅಗ್ಗದ ಅನುಕರಣವೆಂದು ಜನರು ಕಡೆಗಣಿಸಿದ ದ್ರವ್ಯಕ್ಕೆ ತನ್ನದೇ ಆದ ರೂಪವುಂಟೆಂದು ಇಟಲಿಯ ವಿನ್ಯಾಸಕಾರರು ತೋರಿಸಿಕೊಟ್ಟರು. ಅವರಲ್ಲಿ ಒಬ್ಬನಾದ ಎತ್ತೋರೆ ಸೊತ್ಸಾಸನು ೧೯೬೧ರಲ್ಲಿ ಭಾರತದಲ್ಲಿ ಸಂಚರಿಸಿದ್ದನು. ೧೯೭೦ರಲ್ಲಿ ಪೋಲ್ತ್ರೋನೋವಾ ಸಂಸ್ಥೆಗಾಗಿ ಅವನು ರಚಿಸಿದ ‘ಉಲ್ತ್ರಾಫ್ರಾಗೊಲಾ’ ಎಂಬ ಆಳೆತ್ತರದ ಕನ್ನಡಿಯಲ್ಲಿ ಚೌಕಟ್ಟು ಹೆಂಗಸಿನ ಕೂದಲಿನಂತೆ ಅಲೆಯಲೆಯಾಗಿ ಇಳಿಯುತ್ತದೆ. ಅಚ್ಚುಗೊಳಿಸಿದ ಅರೆಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ ನಿಯಾನ್ ದೀಪಗಳು ಗುಲಾಬಿ ಬಣ್ಣದಲ್ಲಿ ಉರಿಯುತ್ತವೆ. ೧೯೭೨ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಇಟಲಿಯ ಗೃಹವಿನ್ಯಾಸದ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಮರುವರ್ಷ ಕಲ್ಲೆಣ್ಣೆಯ ಬೆಲೆ ಏರಿದುದರಿಂದ ಪ್ಲಾಸ್ಟಿಕ್ಕಿನ ಆ ವೈಭವವು ಕುಗ್ಗಿತಾದರೂ ಸೊತ್ಸಾಸನ ಕನ್ನಡಿಯ ಅನುಕರಣಗಳು ಇಂದಿಗೂ ಪ್ರಪಂಚದಲ್ಲೆಲ್ಲ ಮಾರಾಟವಾಗುತ್ತವೆ. ಅದರ ಮುಂದೆ ನಿಂತವರು ಮೊದಲು ನೋಡುವುದು ಚೌಕಟ್ಟನ್ನು; ತಮ್ಮ ಮುಖವನ್ನು ಆಮೇಲೆ. ಕನ್ನಡಿಯ ಬೆಲೆಯು ಮುಖದಿಂದ ಚೌಕಟ್ಟಿಗೆ ಸರಿದ ಪ್ರಯಾಣವು ಇಲ್ಲಿಗೆ ಪೂರ್ತಿಯಾಯಿತು.

೫

ಈಗ ಪುನಃ ಬೆಂಗಳೂರಿಗೆ ಬರೋಣ. ಭಾದ್ರಪದದ ಗೌರಿಹಬ್ಬದ ಮುನ್ನಾದಿನಗಳಲ್ಲಿ ಗಾಂಧಿಬಜಾರಿನಲ್ಲಿಯೂ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯೂ ಮೊರದ ಬಾಗಿನದ ಸಾಮಾನುಗಳನ್ನು ಮಾರುತ್ತಾರೆ. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಹಣಿಗೆಗಳೊಡನೆ ಒಂದು ಪುಟ್ಟ ಕನ್ನಡಿಯು ಬಾಗಿನದಲ್ಲಿ ಇರಲೇಬೇಕು. ಗೋಡೆಗೆ ಏರಿದ ಮೇಲೆಯೂ ಕನ್ನಡಿಯು ಕೈಯಿಂದ ಕೈಗೆ ದಾಟುವ ಹಳೆಯ ಸಂಪ್ರದಾಯವು ಇಲ್ಲಿ ಉಳಿದುಬಂದಿದೆ. ಆದರೆ ಈ ಕನ್ನಡಿಯು ಹೆಬ್ಬೆರಳಗಲದ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಅಂಟಿಸಿದ ಹೊಳಪಿನ ಹಾಳೆಯಾಗಿರುವುದು ಅಪರೂಪವಲ್ಲ. ಅದರಲ್ಲಿ ಮುಖವು ಕಾಣುವುದಿಲ್ಲ. ಮಿಲಾನಿನ ಕನ್ನಡಿಯಲ್ಲಿ ಚೌಕಟ್ಟು ಮುಖವನ್ನು ಮೀರಿಸಿತು. ನಮ್ಮ ಬಾಗಿನದ ಕನ್ನಡಿಯಲ್ಲಿ ಮುಖವೇ ಇಲ್ಲವಾಯಿತು.

ಇದು ಪ್ಲಾಸ್ಟಿಕ್ಕಿನ ದೋಷವೆಂದು ಹೇಳುವುದು ನ್ಯಾಯವಲ್ಲ. ಅಗ್ಗವಾದ ಪ್ಲಾಸ್ಟಿಕ್ ಚೌಕಟ್ಟಿನ ಗಾಜಿನ ಕನ್ನಡಿಯೇ ಬೀಟೆಯ ಚೌಕಟ್ಟನ್ನು ಕೊಳ್ಳಲಾರದ ಮನೆಗಳಿಗೂ ಮುಖದರ್ಶನವನ್ನು ತಂದುಕೊಟ್ಟಿತು. ಬಾಗಿನವನ್ನು ಸ್ವೀಕರಿಸಿದವಳು ಅದರಲ್ಲಿ ತನ್ನ ಮುಖವನ್ನು ಕಾಣಬಲ್ಲಳೇ ಎಂಬುದಷ್ಟೇ ಪ್ರಶ್ನೆ. ಕಾಣದಿದ್ದರೆ ಅದು ಕನ್ನಡಿಯ ಹೆಸರನ್ನು ಮಾತ್ರ ಹೊತ್ತಿರುವ ವಸ್ತು. ಚನ್ನಪಟ್ಟಣದ ಅರಗಿನ ಅಂಚಿಗೆ ಚಿಕ್ಕ ಗಾಜನ್ನು ಕೂರಿಸಿದರೆ ಆಚಾರವೂ ಅರ್ಥವತ್ತಾಗುತ್ತದೆ, ಕುಶಲಿಗಳಿಗೂ ಕೆಲಸವಾಗುತ್ತದೆ.

ವಿದ್ವಾಂಸರ ಮತ್ತು ಉಪಾಧ್ಯಾಯರ ಗಮನಕ್ಕೆ ಬರಬೇಕಾದ ಮತ್ತೊಂದು ವಿಷಯವುಂಟು. ಈ ಮೂರು ಬಡಾವಣೆಗಳ ಹಳೆಯ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಅವುಗಳ ಸ್ಥಳದಲ್ಲಿ ಬಹುಮಹಡಿಯ ಕಟ್ಟಡಗಳು ಏಳುತ್ತಿವೆ. ಬಾಗಿಲು, ಕಂಬಗಳನ್ನಾದರೂ ಕೊಳ್ಳುವವರಿದ್ದಾರೆ. ಲೇಪವು ಕಪ್ಪಿಟ್ಟ ಕನ್ನಡಿಯನ್ನು ಕೇಳುವವರು ಕಡಿಮೆ. ಅದು ಯಾವ ಗೋಡೆಯಲ್ಲಿ, ಎಷ್ಟು ಎತ್ತರದಲ್ಲಿ ಇತ್ತು, ಯಾರ ಕಣ್ಣಿನ ಮಟ್ಟಕ್ಕೆ ಅದನ್ನು ತೂಗುಹಾಕಿದ್ದರು, ಅದಕ್ಕೆ ಮನೆಯವರು ಯಾವ ಹೆಸರಿಟ್ಟಿದ್ದರು, ಅದರ ಮುಂದೆ ನಿಲ್ಲಲು ಯಾರಿಗೆ ಸಂಕೋಚವಿತ್ತು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಕೆಲವರು ಉಳಿದಿದ್ದಾರೆ. ಕೈಗನ್ನಡಿ, ನಿಲುಗನ್ನಡಿ, ಕಳಶಗನ್ನಡಿ ಮೊದಲಾದ ಮಾತುಗಳೊಡನೆ ಆ ನೆನಪುಗಳನ್ನೂ ವಿದ್ಯಾರ್ಥಿಗಳಿಂದ ಬರೆಯಿಸಿ ಸಂಗ್ರಹಿಸುವುದು ಕಷ್ಟವಲ್ಲ. ಕಲ್ಲಿನ ಶಾಸನವು ಕಾಯುತ್ತದೆ. ಗಾಜಿನ ಹಿಂದಿನ ಬೆಳ್ಳಿಯು ಅಷ್ಟು ಕಾಲ ಕಾಯುವುದಿಲ್ಲ.